ಅವ್ವನ ಬಾಯಲ್ಲಿ ಜೊಲ್ಲು ನಿಲ್ಲುತ್ತಿಲ್ಲ

ಪ್ರಶ್ನೆ: ನಮ್ಮ ಅವ್ವನಿಗೆ 58 ವರ್ಷ. ಹನ್ನೆರಡು ದಿನಗಳ ಹಿಂದೆ ವಿಜಯಪುರದಲ್ಲಿ ಪಿತ್ತಕೋಶದ ಆಪರೇಷನ್ ಆಯಿತು. ಮೊದಲೆರಡು ದಿನ ಗಂಟಲು ನೋವೆಂದು ರೊಟ್ಟಿ ಮುಟ್ಟಲಿಲ್ಲ. ಈಗ ಎದೆ ಉರಿ, ಹುಳಿ ತೇಗು. ಬಾಯಿ ತುಂಬ ಜೊಲ್ಲು, ಬೆಳಗಾಗುವಷ್ಟರಲ್ಲಿ ದಿಂಬು ಒದ್ದೆ. ಎಲೆ-ಅಡಿಕೆ, ಚೂರು ತಂಬಾಕು ಮತ್ತೆ ಶುರುವಾಗಿದೆ. ಅರಿವಳಿಕೆ ಮದ್ದು ಹೆಚ್ಚಾಯಿತು ಎನ್ನುತ್ತಾರೆ ಓಣಿಯವರು. ಬಾಯಿ ಒಣಗಿಸುವ ಗುಳಿಗೆ ಇದೆಯೇ?
– ಓದುಗರು, ಜಮಖಂಡಿ

ಉತ್ತರ: ಓಣಿಯವರು ನನ್ನ ಕಸುಬನ್ನೇ ದೂರಿದ್ದರಿಂದ ಅಲ್ಲಿಂದಲೇ ಹೇಳುತ್ತೇನೆ. ಬೆಳಗಾವಿಯಲ್ಲಿ ಇಪ್ಪತ್ತೇಳು ವರ್ಷ ಆಪರೇಷನ್ ಮೇಜಿನ ತಲೆಯ ಕಡೆ ನಿಂತು ಅರಿವಳಿಕೆ ಕೊಟ್ಟವನು ನಾನು. ಜೊಲ್ಲು ಹೆಚ್ಚಿಸುವ ಮದ್ದುಗಳು ನಮ್ಮಲ್ಲಿವೆ, ಸುಳ್ಳಲ್ಲ. ಕೆಟಮಿನ್ ಅಂಥದು, ರೋಗಿಯನ್ನು ಎಚ್ಚರಿಸುವ ಮುನ್ನ ಕೊಡುವ ನಿಯೋಸ್ಟಿಗ್ಮಿನ್ ಕೂಡ. ಅದಕ್ಕೇ ನಿಯೋಸ್ಟಿಗ್ಮಿನ್ ಜೊತೆ ಹೃದಯದ ಬಡಿತ ಇಳಿಯದಂತೆ, ಬಾಯಲ್ಲಿ ನೀರು ತುಂಬದಂತೆ ಗ್ಲೈಕೊಪೈರೊಲೇಟ್ ಸೇರಿಸುತ್ತೇವೆ. ಆದರೆ ಇವೆಲ್ಲ ಗಂಟೆಗಳ ಲೆಕ್ಕದವು, ಹನ್ನೆರಡನೆಯ ದಿನದವರೆಗೆ ಉಳಿಯುವುದಿಲ್ಲ.

ನಾವು ಉಳಿಸಿಹೋಗುವ ಗುರುತು ಬೇರೆ: ಶ್ವಾಸನಾಳಕ್ಕೆ ಇಳಿಸಿದ ಕೊಳವೆಯಿಂದಾಗುವ ಗಂಟಲು ನೋವು. ಯಾರಿಗೇ ಆದರೂ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ನಮಗರಿವಿಲ್ಲದೆ ನುಂಗುತ್ತಿರುತ್ತೇವೆ. ನುಂಗಲು ನೋವಾದರೆ ಅಷ್ಟೇ ಜೊಲ್ಲು ಬಾಯಲ್ಲಿ ನಿಂತು ಹೆಚ್ಚಾದಂತೆ ಕಾಣುತ್ತದೆ. ಅವ್ವನಿಗೆ ಆ ನೋವು ಎರಡೇ ದಿನಕ್ಕೆ ಹೋಗಿದೆ.

ಹಾಗಾಗಿ ನನ್ನ ಅನುಮಾನ ಹುಳಿ ತೇಗಿನ ಮೇಲೆ. ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಏರಿದಾಗ ಅದನ್ನು ತೊಳೆಯಲು ಜೊಲ್ಲು ತಾನಾಗಿ ಸುರಿಯುತ್ತದೆ. ಆಪರೇಷನ್ ಆದವರಿಗೆ ವಿಶ್ರಾಂತಿ ಬೇಕೆಂದು ಉಂಡ ಕೂಡಲೇ ಮಲಗಿಸುವುದು ನಮ್ಮ ಕಡೆಯ ಪ್ರೀತಿ. ಅದು ಬೇಡ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರವಿರಲಿ, ಮಂಚದ ತಲೆಯ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಡಿ, ಕೆಂಪು ಖಾರ ಕೆಲವು ದಿನ ತಟ್ಟೆಗೆ ಬರದಿರಲಿ.

ತಂಬಾಕಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನ್ನ ಕಣ್ಣು ಮಾತ್ರ ಅಲ್ಲೇ ನಿಂತಿತು. ಅಡಿಕೆಯಲ್ಲಿರುವ ಅರೆಕೊಲಿನ್ ಜೊಲ್ಲಿನ ಗ್ರಂಥಿಗಳನ್ನು ನೇರವಾಗಿ ಕೆಣಕುತ್ತದೆ, ತಂಬಾಕು ಎದೆ ಉರಿಯನ್ನು ಹೆಚ್ಚಿಸುತ್ತದೆ. ಸಂಚಿಯನ್ನು ಎತ್ತಿಡಿ. ಅವ್ವ ಸಿಟ್ಟಾದರೆ ಡಾಕ್ಟರ ಮೇಲೆ ಹಾಕಿ. ಹಾಗೆಯೇ ಒಮ್ಮೆ ಬ್ಯಾಟರಿ ಹಿಡಿದು ಬಾಯೊಳಗೆ ನೋಡಿ: ಹುಣ್ಣು, ಬಿಳಿ ಮಚ್ಚೆ, ಸಡಿಲಾದ ಹಲ್ಲು ಇದ್ದರೆ ದಂತವೈದ್ಯರಿಗೆ ತೋರಿಸಿ. ಕೊಳವೆ ಹಾಕುವಾಗ ನಮ್ಮ ಕೈಯಿಂದ ಹಲ್ಲು ಅಲುಗುವುದೂ ಉಂಟು, ಒಪ್ಪುತ್ತೇನೆ.

ಬಾಯಿ ಒಣಗಿಸುವ ಗುಳಿಗೆ ಇದೆ, ಆದರೆ ಅಂಗಡಿಯಿಂದ ತಂದು ಕೊಡಬೇಡಿ. ಮಲಬದ್ಧತೆ ಬರುತ್ತದೆ, ಮೂತ್ರ ಕಟ್ಟಬಹುದು, ಮೂಲ ಕಾರಣ ಹಾಗೆಯೇ ಉಳಿಯುತ್ತದೆ. ಈ ವಾರವೇ ಆಪರೇಷನ್ ಮಾಡಿದ ವೈದ್ಯರನ್ನು ಕಾಣಿರಿ. ಈಗ ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಒಯ್ಯಿರಿ. ನೀರೂ ಗಂಟಲಲ್ಲಿ ಇಳಿಯದಿದ್ದರೆ, ದನಿ ಬದಲಾದರೆ, ಕುತ್ತಿಗೆ ಬಾತು ಜ್ವರ ಬಂದರೆ, ಉಸಿರು ಕಟ್ಟಿದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಮಾತ್ರ ವಾರದ ಮಾತು ಬಿಡಿ, ರಾತ್ರಿಯಾದರೂ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಿ.