ಮುಂಬೈ–ಲಂಡನ್ ನಾಲ್ಕೂವರೆ ಗಂಟೆಯ ದಾರಿಯಲ್ಲ

ಮುಂಬೈ–ಲಂಡನ್ ವಿಮಾನಕ್ಕೆ ನಾಲ್ಕೂವರೆ ತಾಸೋ, ಎಂಟು ತಾಸೋ ಅಂತ ಕೇಳಿದ್ದೀರಿ. ಟಿಕೆಟ್‌ನಲ್ಲಿರುವ ಹೊರಡುವ, ಇಳಿಯುವ ಸಮಯಗಳು ಆಯಾ ಊರಿನ ಗಡಿಯಾರದವು. ಡಿಸೆಂಬರ್‌ನಲ್ಲಿ ಮಧ್ಯಾಹ್ನ 1ಕ್ಕೆ ಮುಂಬೈ ಬಿಟ್ಟು ಸಂಜೆ 5.30ಕ್ಕೆ ಲಂಡನ್ ಅಂದರೆ ನಾಲ್ಕೂವರೆ ತಾಸು ಅಂತ ನೀವು ಕಳೆದಿರೋದು ಅದಕ್ಕೇ ತಪ್ಪಿದೆ.

ಭಾರತದ ಗಡಿಯಾರ ಲಂಡನ್‌ಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಮೊದಲು ಲಂಡನ್ ಸಮಯಕ್ಕೆ ಅಷ್ಟು ಕೂಡಿಸಿ: ಭಾರತದಲ್ಲಿ ರಾತ್ರಿ 11. ಹೊರಟ ಮಧ್ಯಾಹ್ನ 1ರಿಂದ ಅಲ್ಲಿವರೆಗೆ ಎಣಿಸಿ, 10 ತಾಸು ಬಂತು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಕೂಡಿಸಬೇಕಾದ್ದು ನಾಲ್ಕೂವರೆ ಗಂಟೆ ಮಾತ್ರ, ಆಗ ಲಂಡನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ.

7,200 ಕಿ.ಮೀ. ದೂರವನ್ನು ವಿಮಾನದ ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ 8 ತಾಸು ಬರುತ್ತದೆ, ನಿಜ. ಆದರೆ ಅದು ನೇರ ಗೆರೆಯ ದೂರ. ವಿಮಾನ ಸುತ್ತಿ ಹೋಗುತ್ತದೆ, ರನ್‌ವೇಗೆ ಸಾಲು ನಿಲ್ಲುತ್ತದೆ, ಮೇಲೆ ಪಶ್ಚಿಮದ ಗಾಳಿ ಎದುರಾಗುತ್ತದೆ. ವಾಪಸು ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳುವುದರಿಂದ ಸುಮಾರು 9 ತಾಸು. ಗಾಳಿ, ಮಾರ್ಗ ನೋಡಿ ಅರ್ಧ ಗಂಟೆ ಹೆಚ್ಚುಕಮ್ಮಿ ಇದ್ದದ್ದೇ.

ಎಡವೋದು ಬರುವ ತಾರೀಖಿನಲ್ಲಿ. ಲಂಡನ್‌ನಿಂದ ಡಿಸೆಂಬರ್ 20ರ ರಾತ್ರಿ 9ಕ್ಕೆ ಹೊರಟವರು ಮುಂಬೈ ಟರ್ಮಿನಲ್ 2ಕ್ಕೆ ಇಳಿಯೋದು 21ರ ಬೆಳಿಗ್ಗೆ 11.30ರ ಸುಮಾರಿಗೆ. ಕರೆತರಲು ಮುಂಬೈ ಹತ್ತಿರದ ಡೊಂಬಿವಲಿಯಿಂದ ಗಾಡಿಯನ್ನು 21ಕ್ಕೇ ಹೇಳಿ, ಇಮಿಗ್ರೇಶನ್, ಬ್ಯಾಗಿಗೆ ಇನ್ನೊಂದು ತಾಸು ಸೇರಿಸಿ.