ಪ್ರೊಕ್ಯಾರಿಯೋಟ್ ಮತ್ತು ಯೂಕ್ಯಾರಿಯೋಟ್ ಜೀವಕೋಶಗಳಿಗೆ ಏನು ವ್ಯತ್ಯಾಸ?

ಮುಖ್ಯವಾಗಿ ನೋಡಬೇಕಾದದ್ದು ಕೋಶಕೇಂದ್ರ. ಯೂಕ್ಯಾರಿಯೋಟ್ ಕೋಶದಲ್ಲಿ (ನಮ್ಮ ಕೋಶಗಳೂ ಇದೇ ಬಗೆ) ಡಿಎನ್‌ಎ ಒಂದು ಪೊರೆಯೊಳಗೆ ಬೇರೆಯಾಗಿ ಇರುತ್ತದೆ. ಪ್ರೊಕ್ಯಾರಿಯೋಟ್‌ನಲ್ಲಿ (ಬ್ಯಾಕ್ಟೀರಿಯಾ ಈ ಬಗೆ) ಆ ಪೊರೆ ಇಲ್ಲ. ಅದರ ಡಿಎನ್‌ಎ ಸಾಮಾನ್ಯವಾಗಿ ಉಂಗುರದ ಹಾಗೆ ಕೋಶರಸದಲ್ಲೇ ಇರುತ್ತದೆ. ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಪ್ರೋಟೀನ್ ವಿಂಗಡಿಸಿ ಕಳಿಸುವ ಗಾಲ್ಗಿಯಂಥ ಭಾಗಗಳೂ ಅಲ್ಲಿಲ್ಲ. ಗಾತ್ರವೂ ಚಿಕ್ಕದು: ಹೆಚ್ಚಿನವು 1ರಿಂದ 5 ಮೈಕ್ರೊಮೀಟರ್. ನಮ್ಮ ಕೋಶಗಳು ಸಾಮಾನ್ಯವಾಗಿ 10ಕ್ಕಿಂತ ಜಾಸ್ತಿ.

ಒಂದೇ ಕೋಶದ ಜೀವಿ ಅಂದರೆ ಪ್ರೊಕ್ಯಾರಿಯೋಟ್ ಅಂತ ತುಂಬಾ ಜನ ತಪ್ಪು ತಿಳಿಯುತ್ತಾರೆ. ಮೊಸರಿನ ಬ್ಯಾಕ್ಟೀರಿಯಾ ಪ್ರೊಕ್ಯಾರಿಯೋಟ್, ನಿಜ. ಆದರೆ ಬ್ರೆಡ್ ಉಬ್ಬಿಸುವ ಯೀಸ್ಟ್ ಕೂಡ ಒಂದೇ ಕೋಶದ್ದು, ಅಲ್ವಾ? ಅದು ಯೂಕ್ಯಾರಿಯೋಟ್. ಒಳರಚನೆಯಲ್ಲಿ ಅದು ಬ್ಯಾಕ್ಟೀರಿಯಾಕ್ಕಿಂತ ನಮಗೇ ಹತ್ತಿರ.

ನನಗೆ ತುಂಬಾ ಇಷ್ಟವಾದ ವ್ಯತ್ಯಾಸ ರೈಬೊಸೋಮಿನದು. ಪ್ರೋಟೀನ್ ತಯಾರಿಸುವ ಈ ಯಂತ್ರ ಎರಡರಲ್ಲೂ ಇದೆ. ಆದರೆ ಬ್ಯಾಕ್ಟೀರಿಯಾದ್ದು 70ಎಸ್, ನಮ್ಮ ಕೋಶರಸದಲ್ಲಿರುವುದು 80ಎಸ್ (ಎಸ್ ಅನ್ನುವುದು ಗಾತ್ರ ಸೂಚಿಸುವ ಒಂದು ಅಳತೆ; ಸಂಖ್ಯೆ ದೊಡ್ಡದಿದ್ದರೆ ಯಂತ್ರವೂ ದೊಡ್ಡದು). ಟೆಟ್ರಾಸೈಕ್ಲಿನ್, ಅಜಿತ್ರೊಮೈಸಿನ್‌ನಂಥ ಔಷಧಿಗಳು ಮುಖ್ಯವಾಗಿ ಆ 70ಎಸ್ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತವೆ. ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ, ನಮ್ಮ ಕೋಶಗಳು ಬಹುಮಟ್ಟಿಗೆ ಪಾರಾಗುತ್ತವೆ. ಫಂಗಸ್ ಸೋಂಕಿಗೆ ಈ ಮಾತ್ರೆಗಳು ಕೆಲಸ ಮಾಡದಿರುವುದೂ ಇದಕ್ಕೇ: ಫಂಗಸ್ ಕೂಡ ನಮ್ಮಂತೆ ಯೂಕ್ಯಾರಿಯೋಟ್.