ಕಥೆಯಲ್ಲಿರೋ ಬ್ರ್ಯಾಂಡ್ ನಿಜವಾಗ್ಲೂ ಮಾರಾಟ ಆಗುತ್ತಾ?

ನಿಮ್ಮ ವೆಬ್ ಸೀರೀಸಲ್ಲಿ ಬರೋ ಟೀಪುಡಿ ಬ್ರ್ಯಾಂಡನ್ನ ನಿಜವಾಗ್ಲೂ ಅಂಗಡಿಗೆ ತಂದ್ರೆ ನಡೆಯುತ್ತಾ ಅಂತ ಕೇಳಿದ್ರಲ್ಲ, ನಡೆಯುತ್ತೆ, ಆದ್ರೆ ಬರೀ ಪ್ರಚಾರಕ್ಕಾ ಇಲ್ಲಾ ವ್ಯಾಪಾರಕ್ಕಾ ಅನ್ನೋದನ್ನ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ. 2007ರಲ್ಲಿ ಸಿಂಪ್ಸನ್ಸ್ ಅನ್ನೋ ಕಾರ್ಟೂನ್ ಸಿನಿಮಾ ಬಂದಾಗ ದಿನಸಿ-ತಿಂಡಿ ಅಂಗಡಿಗಳ ಚೈನ್ ಆದ ಸೆವೆನ್ ಇಲೆವೆನ್‌ನೋರು ಅಮೆರಿಕ, ಕೆನಡಾ ಸೇರಿ 12 ಅಂಗಡಿಗಳನ್ನ ಕಾರ್ಟೂನಲ್ಲಿರೋ ಕ್ವಿಕ್-ಇ-ಮಾರ್ಟ್ ಅಂಗಡಿ ಥರಾನೇ ಮಾಡಿ, ಅದ್ರಲ್ಲೇ ಬರೋ ಬಝ್ ಕೋಲಾ, ಕ್ರಸ್ಟಿ-ಓಸ್ ಸೀರಿಯಲ್ ಎಲ್ಲಾ ಮಾರಿದ್ರು, ಜನ ಮುಗಿಬಿದ್ರು, ಡಫ್ ಬಿಯರ್ ಮಾತ್ರ ಇಡ್ಲಿಲ್ಲ, ಸಿನಿಮಾ ನೋಡೋರಲ್ಲಿ ಮಕ್ಕಳೂ ಇದ್ರಲ್ಲ, ಅದು ನಂಗೆ ತುಂಬಾ ಸರಿ ಅನ್ಸುತ್ತೆ. ಅದು ಪ್ರಚಾರ, ಸಿನಿಮಾ ಜೊತೆಗೇ ಮುಗೀತು. ಬಬ್ಬಾ ಗಂಪ್ ಹಂಗಲ್ಲ, ಫಾರೆಸ್ಟ್ ಗಂಪ್ ಸಿನಿಮಾದಲ್ಲಿದ್ದ ಸಿಗಡಿ ಕಂಪನಿ ಹೆಸರಲ್ಲಿ 1996ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಲಿ ಹೋಟ್ಲು ಶುರುವಾಗಿ ಬೇರೆ ದೇಶಗಳಿಗೂ ಹೋಯ್ತು. ಹೆಸರು ನೋಡಿ ಒಂದ್ ಸಲ ತಗೋತಾರೆ, ಎರಡನೇ ಸಲ ರುಚಿಗೇ ಬರೋದು. ಡಬ್ಬಿ ಡಿಸೈನ್‌ಗಿಂತ ಮೊದ್ಲು ಆ ಹೆಸರಿನ ಹಕ್ಕನ್ನ ನಿರ್ಮಾಪಕರ ಹತ್ರ ಬರೆಸ್ಕೊಳ್ಳಿ.